ರಾಣಿಯಾಗದೆ ರಾಜವಂಶ ಕಟ್ಟಿದವಳು: ಮಾರ್ಗರೆಟ್ ಬೋಫರ್ಟ್ ಕಥೆ



ಇಂಗ್ಲೆಂಡಿನ ರಾಜಮನೆತನ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಆರು ಮದುವೆ ಆದ ಎಂಟನೇ ಹೆನ್ರಿ, ಇಲ್ಲಾಂದ್ರೆ ಅವನ ಮಗಳು ಮೊದಲನೇ ಎಲಿಜಬೆತ್. ಇವರಿಬ್ಬರದ್ದೂ ಟ್ಯೂಡರ್ ವಂಶ. ಆದರೆ ಆ ವಂಶ ಸಿಂಹಾಸನಕ್ಕೆ ಬಂದಿದ್ದು ಹೇಗೆ ಅಂತ ಹುಡುಕ್ತಾ ಹೋದರೆ, ನಾವು ಹೋಗಿ ನಿಲ್ಲೋದು 13 ವರ್ಷದ ಒಬ್ಬ ಹುಡುಗಿಯ ಮುಂದೆ. ಗಂಡ ಸತ್ತು ಮೂರು ತಿಂಗಳಾಗಿದೆ, ಹೊರಗೆ ಪ್ಲೇಗ್ ಇದೆ, ದೇಶದಲ್ಲಿ ದಾಯಾದಿಗಳ ಯುದ್ಧ ಶುರುವಾಗಿದೆ, ಅವಳಿಗೆ ಹೆರಿಗೆ ನೋವು. ಅವಳ ಹೆಸರು ಮಾರ್ಗರೆಟ್ ಬೋಫರ್ಟ್.

ನಾನು ಈ ಎಪಿಸೋಡ್‌ಗೆ ಇವಳನ್ನೇ ಆರಿಸಿಕೊಂಡಿದ್ದಕ್ಕೆ ಒಂದು ಕಾರಣ ಇದೆ. ಟೀವಿ ಸೀರಿಯಲ್‌ಗಳಲ್ಲಿ, ಕಾದಂಬರಿಗಳಲ್ಲಿ ಈಕೆಯನ್ನ ಸಾಮಾನ್ಯವಾಗಿ ಮಗನ ಪಟ್ಟಕ್ಕಾಗಿ ಏನು ಬೇಕಾದರೂ ಮಾಡೋ, ಸದಾ ಜಪ ಮಾಡ್ತಾ ಒಳಗೊಳಗೇ ಸಂಚು ಹೂಡೋ ಹೆಂಗಸು ಅಂತ ತೋರಿಸ್ತಾರೆ. ದಾಖಲೆಗಳನ್ನ ನೋಡಿದರೆ ಸಿಗೋ ಮಾರ್ಗರೆಟ್ ಬೇರೆ. ಅದಕ್ಕಿಂತ ಗಟ್ಟಿ ಕಥೆ ಅದು.

ಆಸ್ತಿ ಜತೆ ಹುಟ್ಟಿದ ಮಗು

ಮಾರ್ಗರೆಟ್ ಹುಟ್ಟಿದ್ದು 1443ರ ಮೇ 31ರಂದು. ತಂದೆ ಜಾನ್ ಬೋಫರ್ಟ್, ಸಾಮರ್‌ಸೆಟ್‌ನ ಡ್ಯೂಕ್. ಫ್ರಾನ್ಸ್‌ನಲ್ಲಿ ದಂಡಯಾತ್ರೆ ಮಾಡಿ, ಸೋತು, ರಾಜನ ಮುನಿಸು ಕಟ್ಟಿಕೊಂಡು ವಾಪಸ್ ಬಂದವನು, ಮಗಳಿಗೆ ಒಂದು ವರ್ಷ ತುಂಬೋ ಮುಂಚೆಯೇ ತೀರಿಕೊಂಡ. ಗಂಡುಮಕ್ಕಳಿರಲಿಲ್ಲ. ಹಾಗಾಗಿ ತೊಟ್ಟಿಲಲ್ಲಿದ್ದ ಈ ಮಗು ಇಂಗ್ಲೆಂಡಿನ ದೊಡ್ಡ ಆಸ್ತಿಗಳಲ್ಲಿ ಒಂದರ ವಾರಸುದಾರಳಾಯಿತು.

ಇಲ್ಲಿ ಆ ಕಾಲದ ಒಂದು ಪದ್ಧತಿ ಅರ್ಥ ಮಾಡ್ಕೋಬೇಕು. ರಾಜನಿಂದ ನೇರವಾಗಿ ಜಮೀನು ಪಡೆದಿದ್ದ ಶ್ರೀಮಂತನೊಬ್ಬ ಸತ್ತು, ವಾರಸುದಾರರು ಚಿಕ್ಕವರಾಗಿದ್ದರೆ, ಆ ಮಗುವಿನ ಪಾಲಕತ್ವ ರಾಜನ ಕೈಗೆ ಬರ್ತಿತ್ತು. ರಾಜ ಅದನ್ನ ತನಗೆ ಬೇಕಾದವರಿಗೆ ಕೊಡಬಹುದಿತ್ತು, ಮಾರಬಹುದಿತ್ತು. ಪಾಲಕತ್ವ ಸಿಕ್ಕವನು ಮಗು ದೊಡ್ಡದಾಗೋವರೆಗೂ ಜಮೀನಿನ ಆದಾಯ ಅನುಭವಿಸ್ತಿದ್ದ. ಅದಕ್ಕಿಂತ ಮುಖ್ಯವಾಗಿ, ಆ ಮಗುವಿನ ಮದುವೆ ಯಾರ ಜತೆ ಅನ್ನೋದನ್ನೂ ಅವನೇ ತೀರ್ಮಾನಿಸ್ತಿದ್ದ. ಅಂದರೆ ಅನಾಥ ಮಗು ಒಂದು ಹೂಡಿಕೆ ಇದ್ದ ಹಾಗೆ.

ಮಾರ್ಗರೆಟ್‌ಳ ಪಾಲಕತ್ವ ಹೋಗಿದ್ದು ರಾಜ ಆರನೇ ಹೆನ್ರಿಗೆ ಬಹಳ ಹತ್ತಿರದವನಾಗಿದ್ದ ಸಫಕ್‌ನ ವಿಲಿಯಂ ಡಿ ಲಾ ಪೋಲ್‌ಗೆ. ಅವನು ಮಾಡಿದ್ದು ನಿರೀಕ್ಷಿತ ಕೆಲಸವೇ. ತನ್ನ ಪುಟ್ಟ ಮಗ ಜಾನ್‌ಗೇ ಇವಳನ್ನ ಕೊಟ್ಟು ಮದುವೆ ಮಾಡಿಸಿದ. ಚರ್ಚ್ ಕಾನೂನಿನ ಪ್ರಕಾರ ಇಂಥ ಬಾಲ್ಯದ ಮದುವೆಯನ್ನ ಹುಡುಗಿ 12 ವರ್ಷ ತುಂಬೋ ಮುಂಚೆ ಬೇಡ ಅನ್ನಬಹುದಿತ್ತು. ಸಫಕ್ 1450ರಲ್ಲಿ ಕೊಲೆಯಾದ. 1453ರಲ್ಲಿ ರಾಜ ಈ ಮದುವೆಯನ್ನ ರದ್ದು ಮಾಡಿಸಿ, ಮಾರ್ಗರೆಟ್‌ಳ ಪಾಲಕತ್ವವನ್ನ ತನ್ನ ಮಲತಮ್ಮಂದಿರಾದ ಎಡ್ಮಂಡ್ ಟ್ಯೂಡರ್ ಮತ್ತು ಜಾಸ್ಪರ್ ಟ್ಯೂಡರ್‌ಗೆ ಕೊಟ್ಟ. ಮದುಮಗ ಎಡ್ಮಂಡ್ ಅಂತ ಆಯಿತು.

ಮುಂದೆ ಮಾರ್ಗರೆಟ್ ತನ್ನ ಧರ್ಮಗುರು ಜಾನ್ ಫಿಶರ್‌ಗೆ ಈ ಘಟನೆ ಹೇಳ್ಕೊಂಡಿದ್ದಾಳೆ. ಒಂಬತ್ತು ವರ್ಷದ ತನಗೆ ಯಾರನ್ನ ಒಪ್ಪಬೇಕು ಅಂತ ಗೊತ್ತಾಗದೆ, ರಾತ್ರಿ ಸಂತ ನಿಕೋಲಸ್‌ಗೆ ಪ್ರಾರ್ಥನೆ ಮಾಡಿದೆ, ಆ ಸಂತ ಕಾಣಿಸಿಕೊಂಡು ಎಡ್ಮಂಡ್‌ನನ್ನ ಒಪ್ಪಿಕೋ ಅಂದ ಅಂತ. ಅದನ್ನ ನಂಬಬೇಕಾ ಬಿಡಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು. ನನಗೆ ಕಾಣೋದು ಇಷ್ಟು: ಅದು ರಾಜನ ತೀರ್ಮಾನ, ಅವಳ ಆಯ್ಕೆ ಅಲ್ಲಿ ಇರಲೇ ಇಲ್ಲ. ಆದರೂ ಜೀವನದ ಕೊನೆಯಲ್ಲಿ ಹಿಂತಿರುಗಿ ನೋಡುವಾಗ, ಅದು ತಾನೇ ಮಾಡಿದ ಆಯ್ಕೆ ಅಂತ ಹೇಳ್ಕೊಳ್ಳೋದು ಅವಳಿಗೆ ಬೇಕಾಗಿತ್ತು.

ಪೆಂಬ್ರೋಕ್ ಕೋಟೆಯ ಹೆರಿಗೆ

1455ರ ನವೆಂಬರ್ 1. ಮದುವೆ ಆಯಿತು. ಹುಡುಗಿಗೆ 12, ಎಡ್ಮಂಡ್‌ಗೆ ಸುಮಾರು 25.

ಒಂದು ತಪ್ಪು ತಿಳುವಳಿಕೆ ಸರಿಮಾಡ್ಕೊಳ್ಳೋಣ. "ಆಗಿನ ಕಾಲದಲ್ಲಿ ಎಲ್ಲಾ ಹಾಗೇ ಇತ್ತು ಬಿಡಿ" ಅಂತೀವಲ್ಲ, ಅದು ಪೂರ್ತಿ ನಿಜ ಅಲ್ಲ. ದೊಡ್ಡ ಮನೆತನಗಳಲ್ಲಿ ಮಕ್ಕಳಿಗೆ ಮದುವೆ ಮಾಡಿಸ್ತಿದ್ದರು, ಹೌದು. ಆದರೆ ಹುಡುಗಿ ಇನ್ನಷ್ಟು ಬೆಳೆಯೋವರೆಗೂ ಗಂಡ ಹೆಂಡತಿಯಾಗಿ ಬಾಳೋದನ್ನ ಮುಂದೂಡೋದು ರೂಢಿಯಲ್ಲಿತ್ತು. ಎಡ್ಮಂಡ್ ಕಾಯಲಿಲ್ಲ.

ಯಾಕೆ? ಉತ್ತರ ಕಾನೂನಿನಲ್ಲಿದೆ. ಇಂಗ್ಲೆಂಡಿನ ಆಗಿನ ಕಾನೂನಿನ ಪ್ರಕಾರ, ಆಸ್ತಿ ಇರೋ ಹೆಂಡತಿಗೆ ಜೀವಂತ ಮಗು ಹುಟ್ಟಿದರೆ, ಮುಂದೆ ಆಕೆ ಸತ್ತರೂ ಗಂಡನಿಗೆ ಅವಳ ಜಮೀನಿನ ಮೇಲೆ ಜೀವನಪೂರ್ತಿ ಅನುಭೋಗದ ಹಕ್ಕು ಸಿಗ್ತಿತ್ತು. ಮಗು ಹುಟ್ಟದೇ ಅವಳು ಸತ್ತರೆ ಆ ಆಸ್ತಿ ಕೈಬಿಟ್ಟು ಹೋಗ್ತಿತ್ತು. ಒಂದು ಮಗು ಆದರೆ ಸಾಕು, ಎಡ್ಮಂಡ್‌ನ ಆದಾಯ ಭದ್ರ. ಹೆಚ್ಚಿನ ಇತಿಹಾಸಕಾರರು ಕೊಡೋ ಕಾರಣ ಇದೇ.

ಆದರೆ ಆ ಆಸ್ತಿ ಅನುಭವಿಸೋ ಭಾಗ್ಯ ಅವನಿಗಿರಲಿಲ್ಲ. 1456ರಲ್ಲಿ ವೇಲ್ಸ್‌ನಲ್ಲಿ ಯಾರ್ಕ್ ಬಣದವರು ಅವನನ್ನ ಸೆರೆ ಹಿಡಿದರು. ಅದೇ ವರ್ಷ ನವೆಂಬರ್ 1ರಂದು, ಮದುವೆಯಾದ ಸರಿಯಾಗಿ ಒಂದು ವರ್ಷಕ್ಕೆ, ಕಾರ್ಮಾರ್ಥನ್‌ನಲ್ಲಿ ಪ್ಲೇಗ್‌ಗೆ ಬಲಿಯಾದ.

ಆರು ತಿಂಗಳ ಗರ್ಭಿಣಿ ಮಾರ್ಗರೆಟ್ ಮೈದುನ ಜಾಸ್ಪರ್‌ನ ಆಶ್ರಯ ಹುಡುಕಿ ಪೆಂಬ್ರೋಕ್ ಕೋಟೆಗೆ ಹೋದಳು. 1457ರ ಜನವರಿ 28ರಂದು ಅಲ್ಲಿ ಗಂಡು ಮಗು ಹುಟ್ಟಿತು. ಹೆನ್ರಿ ಅಂತ ಹೆಸರಿಟ್ಟರು. ಮುಂದೆ ಅವನೇ ಏಳನೇ ಹೆನ್ರಿ. ಫಿಶರ್ ಆಮೇಲೆ ಹೇಳಿದ ಮಾತಿನ ಸಾರಾಂಶ ಇದು: ಆಕೆ ಸಣ್ಣ ಮೈಕಟ್ಟಿನವಳು, ಆಗಂತೂ ಇನ್ನೂ ಚಿಕ್ಕವಳು, ಅಂಥ ದೇಹದಿಂದ ಒಂದು ಮಗು ಹುಟ್ಟಿದ್ದೇ ಪವಾಡ.

ಮಾರ್ಗರೆಟ್ ಆಮೇಲೆ ಇನ್ನೆರಡು ಮದುವೆಯಾದಳು. ಮತ್ತೊಂದು ಮಗು ಆಗಲಿಲ್ಲ. ಆ ಹೆರಿಗೆಯಲ್ಲೇ ದೇಹಕ್ಕೆ ಸರಿಪಡಿಸಲಾಗದ ಪೆಟ್ಟು ಬಿದ್ದಿರಬೇಕು ಅನ್ನೋದು ಹಲವು ಇತಿಹಾಸಕಾರರ ಅಂದಾಜು.

14 ವರ್ಷ ದೂರವಿದ್ದ ಮಗ

ಈಗ ಸ್ವಲ್ಪ ಹಿನ್ನೆಲೆ. ಈ ಕಾಲದ ಜಗಳಕ್ಕೆ ಗುಲಾಬಿಗಳ ಯುದ್ಧ ಅಂತಾರೆ. ಹೆಸರು ಚೆಂದ, ಒಳಗಿರೋದು ದಾಯಾದಿಗಳ ಕಚ್ಚಾಟ. ಮೂರನೇ ಎಡ್ವರ್ಡ್‌ನ ವಂಶದಿಂದ ಬಂದ ಎರಡು ಕವಲು: ಲ್ಯಾಂಕಾಸ್ಟರ್ ಮತ್ತು ಯಾರ್ಕ್. ಮಾರ್ಗರೆಟ್ ಲ್ಯಾಂಕಾಸ್ಟರ್ ಕಡೆಯವಳು. ಆದರೆ ಅವಳ ಕವಲಿಗೆ ಒಂದು ಕಳಂಕ ಇತ್ತು. ಅವಳ ಮುತ್ತಜ್ಜ ಜಾನ್ ಆಫ್ ಗಾಂಟ್ ಮತ್ತು ಕ್ಯಾಥರಿನ್ ಸ್ವಿನ್‌ಫರ್ಡ್‌ಗೆ ಮಕ್ಕಳಾದಾಗ ಅವರಿಬ್ಬರಿಗೆ ಮದುವೆ ಆಗಿರಲಿಲ್ಲ. ಆಮೇಲೆ ಮದುವೆಯಾದರು, 1397ರಲ್ಲಿ ಮಕ್ಕಳನ್ನ ಕಾನೂನುಬದ್ಧ ಅಂತ ಘೋಷಿಸಲಾಯಿತು. ಹತ್ತು ವರ್ಷದ ನಂತರ ನಾಲ್ಕನೇ ಹೆನ್ರಿ ಅದಕ್ಕೊಂದು ಬಾಲ ಸೇರಿಸಿದ: ಎಲ್ಲ ಹಕ್ಕೂ ಉಂಟು, ಸಿಂಹಾಸನ ಒಂದನ್ನ ಬಿಟ್ಟು. ಹಾಗಾಗಿ ಮಾರ್ಗರೆಟ್‌ಳ ಮಗ ರಾಜ ಆಗ್ತಾನೆ ಅಂತ 1457ರಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ.

ಗಂಡ ಸತ್ತ ಒಂದೂವರೆ ವರ್ಷದೊಳಗೆ ಅವಳ ಮುಂದಿನ ಮದುವೆ ಆಯಿತು, ಬಕಿಂಗ್‌ಹ್ಯಾಮ್ ಡ್ಯೂಕ್‌ನ ಎರಡನೇ ಮಗ ಹೆನ್ರಿ ಸ್ಟಾಫರ್ಡ್ ಜತೆ. ಈ ಕಥೆಯಲ್ಲಿ ಹೆನ್ರಿಗಳು ಜಾಸ್ತಿ, ಸಹಿಸ್ಕೊಳ್ಳಿ. ಈ ಮದುವೆ ಚೆನ್ನಾಗಿತ್ತು ಅಂತಲೇ ದಾಖಲೆಗಳು ಹೇಳ್ತವೆ. ಆದರೆ ಮಗ ಪೆಂಬ್ರೋಕ್‌ನಲ್ಲಿ ಜಾಸ್ಪರ್ ಹತ್ತಿರವೇ ಉಳಿದ.

1461ರಲ್ಲಿ ಯಾರ್ಕ್ ಬಣ ಗೆದ್ದು ನಾಲ್ಕನೇ ಎಡ್ವರ್ಡ್ ರಾಜನಾದ. ಜಾಸ್ಪರ್ ಓಡಿಹೋದ. ಪೆಂಬ್ರೋಕ್ ಕೋಟೆ ಯಾರ್ಕ್ ಬಣದ ವಿಲಿಯಂ ಹರ್ಬರ್ಟ್ ಕೈಸೇರಿತು, ಒಳಗಿದ್ದ ನಾಲ್ಕು ವರ್ಷದ ಹುಡುಗನ ಸಮೇತ. ಹರ್ಬರ್ಟ್ ರಾಜನಿಗೆ 1,000 ಪೌಂಡ್ ಕೊಟ್ಟು ಆ ಹುಡುಗನ ಪಾಲಕತ್ವ ಕೊಂಡ. ತಾಯಿಗೆ ಆಗಿದ್ದೇ ಮಗನಿಗೂ ಆಯಿತು. ಹುಡುಗ ರಾಗ್ಲನ್ ಕೋಟೆಯಲ್ಲಿ ಬೆಳೆದ. ತಾಯಿ ಪತ್ರ ಬರೀಬೇಕಿತ್ತು, ಅನುಮತಿ ಸಿಕ್ಕಾಗ ಹೋಗಿ ನೋಡಬೇಕಿತ್ತು.

1469ರಲ್ಲಿ ಎಡ್ಜ್‌ಕೋಟ್ ಕದನದಲ್ಲಿ ಹರ್ಬರ್ಟ್ ಸೋತು ತಲೆ ಕಳಕೊಂಡ. 12 ವರ್ಷದ ಹೆನ್ರಿಯನ್ನೂ ಅವನು ಜತೆಯಲ್ಲಿ ಕರೆದೊಯ್ದಿದ್ದ. ಸುದ್ದಿ ಬಂದ ಕೂಡಲೇ ಮಾರ್ಗರೆಟ್ ಮಗ ಬದುಕಿದ್ದಾನಾ ಅಂತ ತಿಳಿಯೋಕೆ ಆಳುಗಳನ್ನ ಓಡಿಸಿದಳು. ಹುಡುಗ ಸುರಕ್ಷಿತವಾಗಿದ್ದ. 1470ರಲ್ಲಿ ಲ್ಯಾಂಕಾಸ್ಟರ್ ಬಣ ಕೆಲ ತಿಂಗಳು ಮತ್ತೆ ಅಧಿಕಾರಕ್ಕೆ ಬಂದಾಗ ತಾಯಿ ಮಗ ಒಟ್ಟಿಗೆ ಸ್ವಲ್ಪ ದಿನ ಕಳೆದರು.

ಅಷ್ಟೇ. 1471ರಲ್ಲಿ ಎಲ್ಲ ತಲೆಕೆಳಗಾಯಿತು. ಬಾರ್ನೆಟ್ ಮತ್ತು ಟ್ಯೂಕ್ಸ್‌ಬರಿ ಕದನಗಳಲ್ಲಿ ಲ್ಯಾಂಕಾಸ್ಟರ್ ಬಣ ನುಚ್ಚುನೂರಾಯಿತು. ಆರನೇ ಹೆನ್ರಿಯ ಒಬ್ಬನೇ ಮಗ ಸತ್ತ, ಸ್ವಲ್ಪ ದಿನಕ್ಕೆ ಲಂಡನ್ ಟವರ್‌ನಲ್ಲಿ ಆರನೇ ಹೆನ್ರಿಯೂ ಸತ್ತ. ಬೋಫರ್ಟ್ ಮನೆತನದ ಗಂಡಸರೂ ಮುಗಿದರು. ಹೀಗೆ ಒಬ್ಬೊಬ್ಬರೇ ಇಲ್ಲವಾಗಿ, ಲ್ಯಾಂಕಾಸ್ಟರ್ ಕಡೆಯಿಂದ ತೋರಿಸೋಕೆ ಉಳಿದ ಹೆಸರು 14 ವರ್ಷದ ಹೆನ್ರಿ ಟ್ಯೂಡರ್. ಅಂದರೆ ಅವನ ಜೀವಕ್ಕೆ ಅಪಾಯ. ಜಾಸ್ಪರ್ ಅವನನ್ನ ಕರಕೊಂಡು ಟೆನ್‌ಬಿಯಿಂದ ಹಡಗು ಹತ್ತಿದ. ಬ್ರಿಟನಿ ತಲುಪಿದರು. ಅದೇ ವರ್ಷ ಬಾರ್ನೆಟ್‌ನಲ್ಲಿ ಗಾಯಗೊಂಡಿದ್ದ ಸ್ಟಾಫರ್ಡ್ ಕೂಡ ತೀರಿಕೊಂಡ. ಮಾರ್ಗರೆಟ್ ಮಗನನ್ನ ಮತ್ತೆ ನೋಡಿದ್ದು 14 ವರ್ಷದ ನಂತರ.

ವೈದ್ಯನ ಕೈಲಿ ಹೋದ ಸಂದೇಶ

28 ವರ್ಷದ ವಿಧವೆ. ಸೋತ ಬಣದವಳು. ಗಂಡು ದಿಕ್ಕಿಲ್ಲ. ಇಂಥ ಸ್ಥಿತಿಯಲ್ಲಿ ಅವಳು 1472ರಲ್ಲಿ ಥಾಮಸ್ ಸ್ಟ್ಯಾನ್ಲಿಯನ್ನ ಮದುವೆಯಾದಳು. ಇದು ಲೆಕ್ಕಾಚಾರದ ಮದುವೆ. ಸ್ಟ್ಯಾನ್ಲಿ ರಾಜನ ಆಸ್ಥಾನದಲ್ಲಿ ದೊಡ್ಡ ಮನುಷ್ಯ, ಯಾವ ಕದನದಲ್ಲೂ ಸೋಲೋ ಕಡೆ ನಿಲ್ಲದವನು ಅಂತ ಹೆಸರಾದವನು. ಅವಳಿಗೆ ಆಸ್ಥಾನದೊಳಗೆ ಜಾಗ ಸಿಕ್ಕಿತು. ಅವನಿಗೆ ಅವಳ ಜಮೀನಿನ ಆದಾಯ.

ನಂತರದ ಹತ್ತು ವರ್ಷ ಅವಳು ಮಾಡಿದ್ದು ಸಂಚಲ್ಲ, ಸಂಧಾನ. 1482ರ ಹೊತ್ತಿಗೆ ಮಗ ಕ್ಷಮೆ ಪಡೆದು, ತನ್ನ ಪಾಲಿನ ಆಸ್ತಿಯೊಂದಿಗೆ ವಾಪಸ್ ಬರೋ ಬಗ್ಗೆ ನಾಲ್ಕನೇ ಎಡ್ವರ್ಡ್ ಜತೆ ಮಾತುಕತೆ ಒಂದು ಹದಕ್ಕೆ ಬಂದಿತ್ತು. ಇದನ್ನ ಗಮನಿಸಿ. ಆಗ ಅವಳು ಕೇಳಿದ್ದು ಕಿರೀಟ ಅಲ್ಲ, ಮಗ ಮನೆಗೆ ಬರೋದು.

1483ರ ಏಪ್ರಿಲ್ 9ರಂದು ಎಡ್ವರ್ಡ್ ದಿಢೀರ್ ಸತ್ತ. 12 ವರ್ಷದ ಮಗ ಐದನೇ ಎಡ್ವರ್ಡ್ ರಾಜನಾಗಬೇಕಿತ್ತು. ಅವನ ಚಿಕ್ಕಪ್ಪ ರಿಚರ್ಡ್, ಆ ಮಕ್ಕಳು ಕಾನೂನುಬದ್ಧ ಸಂತಾನವೇ ಅಲ್ಲ ಅಂತ ಸಾರಿಸಿ, ತಾನೇ ಮೂರನೇ ರಿಚರ್ಡ್ ಆಗಿ ಪಟ್ಟಕ್ಕೇರಿದ. ಜುಲೈ 6ರ ಪಟ್ಟಾಭಿಷೇಕದಲ್ಲಿ ಹೊಸ ರಾಣಿಯ ಉಡುಪಿನ ಸೆರಗು ಹಿಡಿದು ನಡೆದವಳು ಮಾರ್ಗರೆಟ್. ಆ ಬೇಸಿಗೆ ಕಳೆಯೋದರೊಳಗೆ ಐದನೇ ಎಡ್ವರ್ಡ್ ಮತ್ತು ಅವನ ತಮ್ಮ ಲಂಡನ್ ಟವರ್‌ನಲ್ಲಿ ಕಣ್ಮರೆಯಾದರು.

ಈಗ ಇಬ್ಬರು ತಾಯಂದಿರು. ಒಬ್ಬಳು ಮಾರ್ಗರೆಟ್. ಇನ್ನೊಬ್ಬಳು ಆ ಮಕ್ಕಳ ತಾಯಿ, ವಿಧವೆ ರಾಣಿ ಎಲಿಜಬೆತ್ ವುಡ್‌ವಿಲ್, ವೆಸ್ಟ್‌ಮಿನ್‌ಸ್ಟರ್‌ನ ಚರ್ಚ್ ಆಶ್ರಯದಲ್ಲಿ ಕಾವಲಿನ ನಡುವೆ ಇದ್ದವಳು. ಇಬ್ಬರೂ ಭೇಟಿಯಾಗೋ ಹಾಗಿಲ್ಲ. ಮಾರ್ಗರೆಟ್ ಬಳಸಿದ್ದು ಲೂಯಿಸ್ ಕಾರ್ಲಿಯನ್ ಅನ್ನೋ ವೈದ್ಯನನ್ನ. ರೋಗಿ ನೋಡೋಕೆ ಬರೋ ವೈದ್ಯನನ್ನ ಕಾವಲುಗಾರರು ತಡೆಯೋದಿಲ್ಲ. ಅವನ ಮೂಲಕ ಹೋದ ಪ್ರಸ್ತಾಪ ಇದು: ನನ್ನ ಮಗ ಹೆನ್ರಿ, ನಿನ್ನ ಮಗಳು ಎಲಿಜಬೆತ್, ಇಬ್ಬರಿಗೂ ಮದುವೆ ಮಾಡೋಣ. ಲ್ಯಾಂಕಾಸ್ಟರ್, ಯಾರ್ಕ್ ಒಂದಾಗಲಿ. ರಿಚರ್ಡ್‌ನನ್ನ ಇಳಿಸೋಣ.

1483ರ ಶರತ್ಕಾಲದ ದಂಗೆ ಸೋತಿತು. ಅದರಲ್ಲಿ ಸೇರಿದ್ದ ಬಕಿಂಗ್‌ಹ್ಯಾಮ್ ಡ್ಯೂಕ್‌ನ ತಲೆ ಹೋಯಿತು. ಮಾರ್ಗರೆಟ್‌ಳ ಪಾತ್ರ ಬಯಲಾಯಿತು, ಅದು ರಾಜದ್ರೋಹ. ಆದರೆ ರಿಚರ್ಡ್‌ಗೆ ಸ್ಟ್ಯಾನ್ಲಿ ಬೇಕಾಗಿದ್ದ. ಅದಕ್ಕೇ ಪಾರ್ಲಿಮೆಂಟ್ ಅವಳ ಜೀವ ಉಳಿಸಿ, ಜಮೀನೆಲ್ಲ ಕಿತ್ತು ಗಂಡನ ಅನುಭೋಗಕ್ಕೆ ಕೊಟ್ಟಿತು. ಅವಳನ್ನ ಮನೆಯೊಳಗೆ ಇಟ್ಟು, ಯಾರ ಜತೆಗೂ ಸಂಪರ್ಕ ಇಲ್ಲದ ಹಾಗೆ ನೋಡ್ಕೋ ಅಂತ ಸ್ಟ್ಯಾನ್ಲಿಗೆ ಆಜ್ಞೆ. ಗಂಡ ಅಷ್ಟು ಕಟ್ಟುನಿಟ್ಟಾಗಿ ಕಾವಲು ಕಾಯಲಿಲ್ಲ ಅನ್ನೋದು ಮುಂದೆ ನಡೆದದ್ದರಿಂದ ಗೊತ್ತಾಗುತ್ತೆ.

1485ರ ಆಗಸ್ಟ್ 7ರಂದು ಹೆನ್ರಿ ವೇಲ್ಸ್‌ನ ಮಿಲ್ ಬೇನಲ್ಲಿ ಇಳಿದ, ತಾನು ಹುಟ್ಟಿದ ಕೋಟೆಗೆ ಹೆಚ್ಚು ದೂರವಿಲ್ಲದ ಜಾಗ. ಆಗಸ್ಟ್ 22ರಂದು ಬಾಸ್ವರ್ತ್ ಕದನ. ಸ್ಟ್ಯಾನ್ಲಿಯ ಮಗನನ್ನ ರಿಚರ್ಡ್ ಒತ್ತೆಯಾಗಿ ಇಟ್ಕೊಂಡಿದ್ದ. ಸ್ಟ್ಯಾನ್ಲಿ ಎಂದಿನಂತೆ ಕಾದು ನೋಡಿದ. ಕಡೇ ಗಳಿಗೆಯಲ್ಲಿ ಅವನ ತಮ್ಮ ವಿಲಿಯಂ ಸ್ಟ್ಯಾನ್ಲಿಯ ಸೈನ್ಯ ಹೆನ್ರಿಯ ಪರ ನುಗ್ಗಿತು. ರಿಚರ್ಡ್ ಯುದ್ಧಭೂಮಿಯಲ್ಲೇ ಸತ್ತ.

ಹಕ್ಕು ಅವಳದು, ಕಿರೀಟ ಮಗನದು

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಹೆನ್ರಿಗೆ ರಾಜರಕ್ತದ ಹಕ್ಕು ಬಂದಿದ್ದು ತಾಯಿಯಿಂದ. ತಂದೆ ಕಡೆಯಿಂದ ಅವನಿಗೆ ಇಂಗ್ಲೆಂಡಿನ ಸಿಂಹಾಸನದ ಮೇಲೆ ಏನೂ ಹಕ್ಕಿಲ್ಲ. ಹಾಗಿದ್ದರೆ ಹಕ್ಕುಳ್ಳ ತಾಯಿ, 42 ವರ್ಷದ ಗಟ್ಟಿಮುಟ್ಟಾದ ಹೆಂಗಸು, ಬದುಕಿರುವಾಗ ಮಗನಿಗೆ ಪಟ್ಟ ಹೇಗೆ? ಆ ಪ್ರಶ್ನೆಯನ್ನ ಆಗ ಯಾರೂ ಗಂಭೀರವಾಗಿ ಎತ್ತಲೇ ಇಲ್ಲ. ಅವಳೂ ಎತ್ತಲಿಲ್ಲ. ಮಗನ ಪಟ್ಟಾಭಿಷೇಕದ ದಿನ ಅವಳು ತುಂಬಾ ಅತ್ತಳು ಅಂತ ಫಿಶರ್ ಹೇಳ್ತಾನೆ. ಸುಖ ಬಂದಾಗಲೂ ಮುಂದೇನು ಕಷ್ಟ ಕಾದಿದೆಯೋ ಅಂತ ಹೆದರೋ ಸ್ವಭಾವ ಅವಳದು ಅಂತಾನೆ. ಅವಳು ನೋಡಿದ್ದನ್ನೆಲ್ಲ ನೆನೆಸಿಕೊಂಡರೆ ಆ ಹೆದರಿಕೆ ಅರ್ಥ ಆಗುತ್ತೆ.

ಕಿರೀಟ ಇಲ್ಲದಿದ್ದರೂ ಅವಳಿಗೆ ಸಿಕ್ಕಿದ್ದು ಇನ್ನೊಂದು ದೊಡ್ಡ ವಿಷಯ. ಆಗಿನ ಕಾನೂನಲ್ಲಿ ಮದುವೆಯಾದ ಹೆಂಗಸಿನ ಆಸ್ತಿ ಗಂಡನ ಹಿಡಿತದಲ್ಲಿ. 1485ರ ಪಾರ್ಲಿಮೆಂಟ್ ಮಾರ್ಗರೆಟ್‌ಳನ್ನ, ಗಂಡ ಇದ್ದರೂ, ಒಂಟಿ ಹೆಂಗಸಿನ ಹಾಗೇ ಪರಿಗಣಿಸಬೇಕು ಅಂತ ಕಾಯ್ದೆ ಮಾಡಿತು. ಜಮೀನು ತನ್ನ ಹೆಸರಲ್ಲಿ, ವ್ಯವಹಾರ ತನ್ನ ಸಹಿಯಲ್ಲಿ, ಕೋರ್ಟಿಗೆ ಹೋಗೋದೂ ತಾನೇ. ಒಂದು ವರ್ಷ ತುಂಬೋ ಮುಂಚೆ ಇನ್ನೊಬ್ಬರ ಹೂಡಿಕೆಯಾಗಿದ್ದ ಮಗು, 42ಕ್ಕೆ ತನ್ನ ಆಸ್ತಿಗೆ ತಾನೇ ಯಜಮಾನಿ ಆಯಿತು. 1499ರಲ್ಲಿ ಗಂಡನ ಒಪ್ಪಿಗೆ ಪಡೆದು ಬ್ರಹ್ಮಚರ್ಯದ ಪ್ರತಿಜ್ಞೆ ಮಾಡಿ, ಕಾಲಿವೆಸ್ಟನ್‌ನಲ್ಲಿ ತನ್ನದೇ ಮನೆ ಕಟ್ಟಿಕೊಂಡು, ಅಲ್ಲಿಂದಲೇ ಆ ಭಾಗದ ವ್ಯಾಜ್ಯಗಳನ್ನ ತೀರ್ಮಾನಿಸೋಕೆ ಶುರುಮಾಡಿದಳು. ಹಳೇ ಸಾಲ ವಸೂಲಿಯಲ್ಲಿ ಬಿಡದ ಛಲ, ಲೆಕ್ಕಪತ್ರದಲ್ಲಿ ಕಟ್ಟುನಿಟ್ಟು. ಮೆದು ಹೆಂಗಸು ಅಂತ ನಾನೇನೂ ಹೇಳ್ತಿಲ್ಲ.

ಆ ಹಣ ಎಲ್ಲಿ ಹೋಯಿತು? ಕೇಂಬ್ರಿಡ್ಜ್‌ನಲ್ಲಿ 1505ರಲ್ಲಿ ಕ್ರೈಸ್ಟ್ಸ್ ಕಾಲೇಜು ಕಟ್ಟಿಸಿದಳು. ಸೇಂಟ್ ಜಾನ್ಸ್ ಕಾಲೇಜು ಅವಳ ಉಯಿಲಿನ ಯೋಜನೆ, 1511ರಲ್ಲಿ ಶುರುವಾಯಿತು. ಆಗಿನ್ನೂ ಹೊಸದಾಗಿದ್ದ ಮುದ್ರಣಕ್ಕೆ ಬೆಂಬಲ ಕೊಟ್ಟಳು. ತಾನೇ ಫ್ರೆಂಚ್‌ನಿಂದ ಭಕ್ತಿಗ್ರಂಥಗಳನ್ನ ಇಂಗ್ಲಿಷ್‌ಗೆ ಅನುವಾದ ಮಾಡಿ ಅಚ್ಚು ಹಾಕಿಸಿದಳು. ಅವಳ ಕಾಲೇಜುಗಳಿಗೆ ಹೆಣ್ಣುಮಕ್ಕಳನ್ನ ಸೇರಿಸಿಕೊಂಡಿದ್ದು 20ನೇ ಶತಮಾನದ ಕೊನೆಗೆ ಅನ್ನೋದೂ ನಿಜ. ಆದರೆ ಆಕ್ಸ್‌ಫರ್ಡ್‌ನಲ್ಲಿ ಹೆಣ್ಣುಮಕ್ಕಳಿಗಾಗಿ 1878ರಲ್ಲಿ ಶುರುವಾದ ಕಾಲೇಜಿಗೆ ಇಟ್ಟಿದ್ದು ಇವಳ ಹೆಸರನ್ನೇ: ಲೇಡಿ ಮಾರ್ಗರೆಟ್ ಹಾಲ್. ಬೆನಜೀರ್ ಭುಟ್ಟೋ, ಮಲಾಲಾ ಯೂಸುಫ್‌ಜಾಯ್ ಓದಿದ್ದು ಅಲ್ಲೇ.

ಟವರ್‌ನ ಆ ಇಬ್ಬರು ಮಕ್ಕಳನ್ನ ಕೊಲ್ಲಿಸಿದ್ದು ಮಾರ್ಗರೆಟ್ ಅನ್ನೋ ಮಾತು ನೀವು ಯೂಟ್ಯೂಬ್‌ನಲ್ಲಿ ಕೇಳಿರಬಹುದು. ಅವಳು ಬದುಕಿದ್ದಾಗ ಅಂಥ ಆರೋಪ ಮಾಡಿದ ದಾಖಲೆ ಇಲ್ಲ. ಆ ಮಾತು ಹುಟ್ಟಿದ್ದು 17ನೇ ಶತಮಾನದಲ್ಲಿ. ಸೀರಿಯಲ್‌ಗೆ ಒಳ್ಳೇ ಟ್ವಿಸ್ಟ್, ಪುರಾವೆ ಮಾತ್ರ ಇಲ್ಲ.

ಮೊಮ್ಮಗಳ ವಿಷಯದಲ್ಲಿ

ಅವಳ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳೋದು ಒಂದು ಚಿಕ್ಕ ದಾಖಲೆ. 1498ರಲ್ಲಿ ಸ್ಪೇನ್‌ನ ರಾಯಭಾರಿ ಪೆಡ್ರೋ ಡಿ ಅಯಾಲಾ ತನ್ನ ದೊರೆಗಳಿಗೆ ಬರೆದ ಪತ್ರ. ಏಳನೇ ಹೆನ್ರಿ ತನ್ನ ಮಗಳನ್ನ ಸ್ಕಾಟ್ಲೆಂಡಿನ ರಾಜ ನಾಲ್ಕನೇ ಜೇಮ್ಸ್‌ಗೆ ಕೊಡೋ ವಿಚಾರ ನಡೀತಿತ್ತು. ಆ ಮಗಳಿಗೂ ಅಜ್ಜಿಯ ಹೆಸರೇ, ಮಾರ್ಗರೆಟ್. ವಯಸ್ಸು ಇನ್ನೂ ಒಂಬತ್ತು ತುಂಬಿರಲಿಲ್ಲ. ಹೆನ್ರಿ ರಾಯಭಾರಿಗೆ ಹೇಳಿದ್ದು ಇಷ್ಟು: ಮಗಳು ಚಿಕ್ಕವಳು, ಸೂಕ್ಷ್ಮ ಮೈಯವಳು, ನನ್ನ ಹೆಂಡತಿ ಮತ್ತು ನನ್ನ ತಾಯಿ ಇಬ್ಬರೂ ಇದಕ್ಕೆ ಬಲವಾಗಿ ವಿರೋಧ, ಈಗಲೇ ಕಳಿಸಿದರೆ ಸ್ಕಾಟ್ಲೆಂಡಿನ ರಾಜ ಕಾಯೋದಿಲ್ಲ, ಹುಡುಗಿಗೆ ಪೆಟ್ಟಾಗುತ್ತೆ ಅಂತ ಅವರ ಭಯ.

ಕಾಯೋದಿಲ್ಲ. ಆ ಒಂದು ಪದದ ಬೆಲೆ ಏನು ಅಂತ ಆ ಕೋಣೆಯಲ್ಲಿ ಅಜ್ಜಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತನ್ನ 12ನೇ ವಯಸ್ಸಿನ ಬಗ್ಗೆ ಅವಳು ಎಲ್ಲೂ ದೂರು ಬರೆದಿಟ್ಟಿಲ್ಲ. ಎಡ್ಮಂಡ್ ಬಗ್ಗೆ ಕೆಟ್ಟ ಮಾತು ಆಡಿಲ್ಲ. ಮಗನಿಗೆ ಬರೆದ ಒಂದು ಪತ್ರದಲ್ಲಿ ನಿನ್ನನ್ನ ಹೆತ್ತ ದಿನ ಇದೇ ಅಂತ ಪ್ರೀತಿಯಿಂದ ನೆನೆಸಿಕೊಂಡಿದ್ದಾಳೆ. ಆದರೆ ಮೊಮ್ಮಗಳ ಸರದಿ ಬಂದಾಗ ಸೊಸೆಯ ಜತೆ ನಿಂತು ಬೇಡ ಅಂದಳು, ಮತ್ತು ಆ ಮಾತು ನಡೀತು.

ಮೊಮ್ಮಗಳು ಸ್ಕಾಟ್ಲೆಂಡಿಗೆ ಹೊರಟಿದ್ದು ಐದು ವರ್ಷದ ನಂತರ, 1503ರಲ್ಲಿ, ಅಜ್ಜಿಯ ಕಾಲಿವೆಸ್ಟನ್ ಮನೆಯಿಂದಲೇ. ಆಗಲೂ ಅವಳಿಗೆ 14 ತುಂಬಿರಲಿಲ್ಲ. ಇವತ್ತಿನ ಕಣ್ಣಿಗೆ ಅದೂ ಮಕ್ಕಳ ಮದುವೆಯೇ. ಅಜ್ಜಿ ಆ ವ್ಯವಸ್ಥೆಯನ್ನ ಮುರೀಲಿಲ್ಲ, ಅದರೊಳಗೇ ಐದು ವರ್ಷ ಗಿಟ್ಟಿಸಿಕೊಂಡಳು. ಮೊಮ್ಮಗಳಿಗೆ ಮೊದಲ ಮಗು ಹುಟ್ಟಿದಾಗ 17 ವರ್ಷ. ಮುಂದೆ ಇನ್ನೂ ಮಕ್ಕಳಾದರು. ಇಂದಿನ ಬ್ರಿಟನ್ ರಾಜಮನೆತನ ತನ್ನ ವಂಶಾವಳಿ ಎಳೆಯೋದು ಆ ಮೊಮ್ಮಗಳ ಮೂಲಕವೇ.

1509ರ ಏಪ್ರಿಲ್ 21ರಂದು ಏಳನೇ ಹೆನ್ರಿ ತೀರಿಕೊಂಡ. ಒಬ್ಬನೇ ಮಗನನ್ನ ಕಳಕೊಂಡ ತಾಯಿ, ಮೊಮ್ಮಗ ಎಂಟನೇ ಹೆನ್ರಿಯ ಪಟ್ಟಾಭಿಷೇಕ ಜೂನ್ 24ರಂದು ನೋಡಿದಳು. ಜೂನ್ 28ಕ್ಕೆ ಆ ಹುಡುಗನಿಗೆ 18 ತುಂಬಿತು. 29ರಂದು ಮಾರ್ಗರೆಟ್ ತೀರಿಕೊಂಡಳು. ವಯಸ್ಸು 66.

ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಎಂದಾದರೂ ಹೋದರೆ, ಅಥವಾ ಫೋನಲ್ಲೇ ಫೋಟೋ ಹುಡುಕಿದರೆ, ಇಟಲಿಯ ಶಿಲ್ಪಿ ಟೊರಿಜಾನೋ ಮಾಡಿದ ಅವಳ ಕಂಚಿನ ಮೂರ್ತಿ ನೋಡಿ. ಮುಖಕ್ಕಿಂತ ಕೈ ನೋಡಿ. ಸುಕ್ಕುಗಟ್ಟಿದ, ನರ ಎದ್ದ, ವಯಸ್ಸಾದ ಹೆಂಗಸಿನ ಕೈ, ಪ್ರಾರ್ಥನೆಗೆ ಜೋಡಿಸಿದ್ದು.

ಈ ಸಲಕ್ಕೆ ಇಷ್ಟೇ. ರಾಜಮನೆತನಗಳ ಇನ್ಯಾವ ಹೆಣ್ಣುಮಗಳ ಕಥೆ ಕೇಳಬೇಕು ಅಂತ ನಮಗೆ ಬರೆದು ಕಳಿಸಿ.